ಮೂವತ್ತು ಸಾವಿರದ ಮೂವತ್ತೊಂದು

ಶಿಕಾರಿಪುರದಿಂದ ಸೊರಬಕ್ಕೆ ಹೆಣ್ಣು ನೋಡಲು ಬಂದ ಗುರುಮಲ್ಲಪ್ಪನಿಗೆ ನೀಲಾಂಬಿಕ ಕಂಡಕೂಡಲೇ ಒಪ್ಪಿಗೆಯಾಗಿಬಿಟ್ಟಳು. ಒಪ್ಪಬೇಕಾದವರು ಅವಳಪ್ಪ ತೋಟಪ್ಪನವರು. ಅವರ ಮನೆಯಲ್ಲಿ ತಾಂಬೂಲದ ತಟ್ಟೆಗೆ ಇಟ್ಟದ್ದೆಲ್ಲ ಇಡಿಯಾಗಿಯೇ ಇರಬೇಕು: ಹರಿಯದ ಎಲೆ, ಒಡೆಯದ ಅಡಿಕೆ, ನುಚ್ಚಾಗದ ಅಕ್ಕಿ.

"ಕಾಲೇಜಿನಲ್ಲಿ ಎಂಥ ಕಲಿತ್ರಿ?" ಎಂದರು ತೋಟಪ್ಪ.

ಗುರುಮಲ್ಲಪ್ಪ ತನ್ನ ಗಣಿತದ ಮೇಷ್ಟ್ರಂತೆ ಮೂಗಿನಲ್ಲಿ ಶುರುಮಾಡಿದ. "ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು... ಗುಣಿಸ್ರಪ್ಪಾ! ಮೇಲೊಂದು ಕೂಡಿಸ್ರಪ್ಪಾ! ಮೂವತ್ತು ಸಾವಿರದ ಮೂವತ್ತೊಂದು! ಯಾವುದರಿಂದಲೂ ಭಾಗ ಆಗಂಗಿಲ್ರಪ್ಪಾ!"

ಮನೆಯವರೆಲ್ಲ ಇಪ್ಪತ್ತರ ಮಗ್ಗಿವರೆಗೂ ಮಣಮಣ ಹೇಳಿ ನೋಡಿದರು. ಯಾವುದರಲ್ಲೂ ಹೋಗಲಿಲ್ಲ.

"ಭಾಗ ಆಗದ ಸಂಖ್ಯೆ!" ತೋಟಪ್ಪ ಉಬ್ಬಿಹೋದರು. "ಹರಿದು ಹಂಚಿಹೋಗಿದ್ದ ಕನ್ನಡ ರಾಜ್ಯವೇ ಈಗ ಒಂದಾಗಿದೆ, ನಾವು ಅಣ್ಣತಮ್ಮಂದಿರೂ ಹಿಸ್ಸೆ ಆಗಿಲ್ಲ. ಇದನ್ನೂ ಸ್ಲೇಟಲ್ಲಿ ಬರೆದು ತಟ್ಟೆಗಿಡಿ!"

ಬಾಗಿಲ ಹಿಂದಿನಿಂದ ನೀಲಾಂಬಿಕ ಕೇಳಿದಳು. "ಇಪ್ಪತ್ತರ ಮೇಲೂ ನೋಡಿದೀರೇನ್ರೀ?"

"ಇಪ್ಪತ್ತರ ಮೇಲೆ ಮಗ್ಗಿ ಎಲ್ಲುಂಟೇ?" ಅಪ್ಪ ಗದರಿದರು.

ಗುರುಮಲ್ಲಪ್ಪನಿಗೆ ಒಳಗೆಲ್ಲೋ ಚುರುಕ್ ಎಂದಿತು. ಸ್ಲೇಟು ಎಳೆದುಕೊಂಡು ಕೂತ. ಇಪ್ಪತ್ಮೂರರಿಂದ ಭಾಗಿಸಿದ, ಶೇಷ ಉಳಿಯಿತು. ಇಪ್ಪತ್ತೊಂಬತ್ತು, ಮೂವತ್ತೊಂದು, ಮೂವತ್ತೇಳು... ಉಪ್ಪಿಟ್ಟು ತಣ್ಣಗಾಯಿತು. ಐವತ್ತೊಂಬತ್ತಕ್ಕೆ ಬಂದಾಗ ಏನೂ ಉಳಿಯಲಿಲ್ಲ. ಒರೆಸಿ ಮತ್ತೆ ಮಾಡಿದ. ಉಳಿಯಲೇ ಇಲ್ಲ.

'ಈ ಆರು ಸಂಖ್ಯೆಗಳಿಂದ ಭಾಗ ಆಗದು' ಅಂದಿದ್ದರೋ ಮೇಷ್ಟ್ರು, 'ಯಾವುದರಿಂದಲೂ ಆಗದು' ಅಂದಿದ್ದರೋ? ತರಗತಿಯಲ್ಲಿ ಅವನು ಅವರ ದನಿ ಹಿಡಿದಿದ್ದನೇ ಹೊರತು ಪಾಠ ಹಿಡಿದಿರಲಿಲ್ಲ. ಹಾಗಾದರೆ ಆ ಆರಕ್ಕೂ ಒಂದೊಂದೇ ಉಳಿಸಿಕೊಂಡು ಬಿಗುಮಾನದಲ್ಲಿದ್ದ ಸಂಖ್ಯೆ, ಹೋಗಿ ಹೋಗಿ ಐವತ್ತೊಂಬತ್ತಕ್ಕೆ ಸೋತಿತೇ? ಅಂಗೈಯಿಂದ ಒಮ್ಮೆ ಒರೆಸಿದರೆ ಮುಗಿಯಿತು, ತಟ್ಟೆಯೂ ತನ್ನದು, ಹುಡುಗಿಯೂ ತನ್ನವಳು. ಇಪ್ಪತ್ತರ ಮೇಲೆ ಈ ಮನೆಯಲ್ಲಿ ಕೇಳುವವರು ಯಾರು? ಕೇಳಿದವಳು ಒಬ್ಬಳೇ.

"ಹೋಗ್ತೈತ್ರೀ," ಎಂದ, ಈ ಸಲ ಸ್ವಂತ ದನಿಯಲ್ಲಿ. "ಐವತ್ತೊಂಬತ್ತರಲ್ಲಿ, ಐನೂರ ಒಂಬತ್ತು ಸಲ. ನಾನು ಹೇಳಿದ್ದು ತಪ್ಪು."

ತೋಟಪ್ಪ ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು. "ಅಂದ್ರೆ... ಒಡೀತಾ?"

ನೀಲಾಂಬಿಕ ಹೊರಗೇ ಬಂದುಬಿಟ್ಟಳು. "ಆ ಐನೂರ ಒಂಬತ್ತು? ಅದೂ ಒಡೀತದಾ?"

'ಇಲ್ಲ' ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡ. "ನೋಡದೆ ಹೇಳಂಗಿಲ್ರೀ."

ಅವಳು ಚಾಪೆಯ ಇನ್ನೊಂದು ತುದಿಯಲ್ಲಿ ಕೂತು ಬಳಪ ತೆಗೆದುಕೊಂಡಳು. "ಏಳು ನಾನು ನೋಡ್ತೆ. ಹನ್ನೊಂದು ನೀವು ನೋಡಿ."

"ಎಂಥದೇ ಇದು ಮಾರಾಯ್ತಿ?" ತೋಟಪ್ಪ ಹೆಂಡತಿ ರಾಜೇಶ್ವರಮ್ಮನ ಮುಖ ನೋಡಿದರು, ಮಗಳ ಮುಖ ನೋಡಿದರು. "ತಟ್ಟೆ ಇಡ್ಲೋ, ಬೇಡ್ವೋ?"

"ಇಡಿ ಅಪ್ಪಯ್ಯ," ಎಂದಳು ನೀಲಾಂಬಿಕ ತಲೆ ಎತ್ತದೆ. "ಸ್ಲೇಟು ಮಾತ್ರ ಈಗ ಕೊಡಲ್ಲ."