ಫೋನ್ ಎತ್ತದವರು

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಲಿಫ್ಟಿನ ಯಂತ್ರ ಹಗಲಿಡೀ ಗೊಣಗುವ ಗೋಡೆಯ ಪಕ್ಕ, ಒಂದು ಕೋಣೆಯಿದೆ. ಮೊದಲು ಅಲ್ಲಿ ಮುರಿದ ಮಂಚಗಳನ್ನು ಒಟ್ಟುತ್ತಿದ್ದರು. ಈಗ ಬಾಗಿಲಿಗೆ ‘ಶಸ್ತ್ರಚಿಕಿತ್ಸಾ ಸಂಶೋಧನಾ ವಿಭಾಗ’ ಎಂಬ ಫಲಕ ಬಂದಿದೆ. ಮಂಚದ ಕಾಲೊಂದು ಮಾತ್ರ ಮೂಲೆಯಲ್ಲಿ ಇನ್ನೂ ಉಳಿದಿದೆ. ಎರಡು ಮೇಜು, ಒಂದು ಕಂಪ್ಯೂಟರು, ಒಂದು ಫೋನು, ಮತ್ತು ಆ ಫೋನಿನ ಮುಂದೆ ಹನ್ನೊಂದು ವರ್ಷದಿಂದ ಕೂತಿರುವ ಒಬ್ಬ ಹೆಂಗಸು. ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರಿಗೂ ಅವಳು ಫೋನಕ್ಕ.

ಅವಳ ಕೆಲಸ ಹೇಳುವುದಕ್ಕೆ ಬಹಳ ಸುಲಭ. ಆಪರೇಷನ್ ಆಗಿ ಮನೆಗೆ ಹೋದ ಮಕ್ಕಳ ತಾಯಿಗೋ ತಂದೆಗೋ ಆಪರೇಷನ್ ಆದ ಮೂವತ್ತನೇ ದಿನ ಒಂದು ಸಲ, ವರ್ಷ ತುಂಬಿದಾಗ ಇನ್ನೊಂದು ಸಲ ಫೋನ್ ಮಾಡಿ ಏಳು ಪ್ರಶ್ನೆ ಕೇಳಬೇಕು. ಮಗು ಹೇಗಿದೆ, ಹಾಲು ಕುಡಿಯುತ್ತದೆಯೇ, ವಾಂತಿ ಇದೆಯೇ, ಗಾಯ ಒಣಗಿತೇ, ಹೀಗೆ. ಆಮೇಲೆ ಒಂದು ಅಂಕಿ ಒತ್ತಬೇಕು. ಚೆನ್ನಾಗಿದ್ದರೆ ಒಂದು. ತೊಂದರೆಯಿದ್ದರೆ ಎರಡು. ಮತ್ತೆ ಆಪರೇಷನ್ ಆಗಿದ್ದರೆ ಮೂರು. ತೀರಿಕೊಂಡಿದ್ದರೆ ನಾಲ್ಕು. ಮೂರು ದಿನ ಮೂರು ಸಲ ಮಾಡಿದರೂ ಫೋನ್ ಎತ್ತದಿದ್ದರೆ ಎಂಟು. ಎಂಟು ಬಿದ್ದ ಮಗು ಲೆಕ್ಕದಿಂದ ಹೊರಗೆ. ಬದುಕಿದವರ ಸಾಲಿನಲ್ಲೂ ಇಲ್ಲ, ಸತ್ತವರ ಸಾಲಿನಲ್ಲೂ ಇಲ್ಲ.

“ಹೊಳೆ ದಾಟಿದ ಮೇಲೆ ಅಂಬಿಗ ಯಾರಿಗೆ ಬೇಕು” ಎನ್ನುತ್ತಿದ್ದರು ಎದುರು ಮೇಜಿನ ಲೆಕ್ಕದ ಮೇಷ್ಟ್ರು, ಪ್ರತಿ ಸಲ ಎಂಟು ಬಿದ್ದಾಗಲೂ. ಅಂಕಿಗಳನ್ನು ಕೂಡಿಸಿ ಭಾಗಿಸಿ ಶೇಕಡಾ ತೆಗೆಯುವುದು ಅವರ ಕೆಲಸ. “ಮಗು ಚೆನ್ನಾಗಿದ್ರೆ ಆಸ್ಪತ್ರೆ ನೆನಪು ಯಾರಿಗಿರುತ್ತೆ ಹೇಳಿ. ಅಳುವವರಾದ್ರೆ ಅವರೇ ಓಡಿ ಬರ್ತಾರೆ.” ಫೋನಕ್ಕನಿಗೂ ಅದು ಸರಿಯೆಂದೇ ತೋರುತ್ತಿತ್ತು. ಊಟದ ಹೊತ್ತು ಮೀರುತ್ತಿದ್ದರೆ ಮೂರು ದಿನದ ಮೂರು ಕರೆಯನ್ನು ಒಂದೇ ಮಧ್ಯಾಹ್ನ ಮುಗಿಸಿ ಎಂಟು ಒತ್ತಿ ಎದ್ದದ್ದೂ ಉಂಟು. ಇಬ್ಬರೂ ಒಳ್ಳೆಯವರು, ಇಬ್ಬರೂ ಕೆಲಸಗಳ್ಳರಲ್ಲ. ಆದರೂ ಹನ್ನೊಂದು ವರ್ಷದಲ್ಲಿ ಇಬ್ಬರ ತಲೆಗೂ ಒಂದು ಸಣ್ಣ ವಿಷಯ ಹೊಳೆಯಲಿಲ್ಲ.

ಮಲ ಹೋಗುವ ದಾರಿ ಮುಚ್ಚಿಕೊಂಡೇ ಹುಟ್ಟುವ ಮಕ್ಕಳಿದ್ದಾರೆ. ಆ ಆಸ್ಪತ್ರೆಯಲ್ಲಿ ಅವರಿಗೆ ಮೊದಲು ಹೊಟ್ಟೆಯ ಮೇಲೆ ತೂತು ಮಾಡಿ ಚೀಲ ಅಂಟಿಸಿ, ಆರು ತಿಂಗಳ ಮೇಲೆ ದಾರಿ ಮಾಡಿ, ಆಮೇಲೆ ಹೊಟ್ಟೆಯ ತೂತು ಮುಚ್ಚುತ್ತಿದ್ದರು. ಮೂರು ಆಪರೇಷನ್. ದೊಡ್ಡ ಡಾಕ್ಟರು ಅದನ್ನು ಒಂದೇ ಆಪರೇಷನ್ನಿಗೆ ಇಳಿಸಿದರು. ಹಳೆಯ ರೀತಿಯಲ್ಲಿ ಇನ್ನೂರ ನಲವತ್ತು ಮಕ್ಕಳು, ಹೊಸ ರೀತಿಯಲ್ಲಿ ಇನ್ನೂರ ನಲವತ್ತು. ಫೋನಕ್ಕ ಎಲ್ಲರ ಮನೆಗೂ ಕರೆ ಮಾಡಿದಳು, ಮೇಷ್ಟ್ರು ಭಾಗಿಸಿದರು. ಬದುಕುಳಿದ ಮಕ್ಕಳು ಹಳೆಯದರಲ್ಲಿ ನೂರಕ್ಕೆ ಎಂಬತ್ತೊಂಬತ್ತು, ಹೊಸದರಲ್ಲಿ ನೂರಕ್ಕೆ ತೊಂಬತ್ತಾರು. ಪ್ರಬಂಧ ಅಚ್ಚಾಯಿತು. ಎಲ್ಲೆಲ್ಲಿಂದಲೋ ಡಾಕ್ಟರುಗಳು ಕಲಿಯಲು ಬಂದರು. ತೊಂಬತ್ತಾರು ಎಂಬ ಅಂಕಿಯನ್ನು ದೊಡ್ಡದಾಗಿ ಬರೆಸಿ ಹೊರರೋಗಿಗಳ ಕೋಣೆಯ ಗೋಡೆಗೂ ಹಾಕಿದರು. ಅಧ್ಯಯನದ ಎರಡನೇ ಹಂತ ಶುರುವಾಯಿತು. ಅದರಲ್ಲಿ ಯಾವ ರೀತಿ ಬೇಕೆಂದು ತಂದೆತಾಯಿಯೇ ಆರಿಸಿಕೊಳ್ಳಬಹುದಿತ್ತು.

ಆ ಹೊತ್ತಿಗೆ ಸರಿಯಾಗಿ ಫೋನಕ್ಕನ ತಂಗಿಗೆ ಗಂಡು ಮಗುವಾಯಿತು, ಅದೇ ತೊಂದರೆಯ ಮಗು.

ತಂಗಿಗಿಂತ ಫೋನಕ್ಕ ಹದಿಮೂರು ವರ್ಷ ದೊಡ್ಡವಳು. ತಾಯಿ ಬೇಗ ಹೋದ್ದರಿಂದ ಎತ್ತಿ ಆಡಿಸಿದವಳು, ಜಡೆ ಹಾಕಿದವಳು, ಬೈದವಳು, ಎಲ್ಲ ಅವಳೇ. ಅವಳಿಗೆ ಸ್ವಂತ ಮಕ್ಕಳಾಗಲಿಲ್ಲ. ತಂಗಿಗೂ ಒಂಬತ್ತು ವರ್ಷ ಕಾದ ಮೇಲೆ ಆದ ಮಗು ಇದು. ಎರಡು ಕಿಲೋ ತುಂಬಲು ಇನ್ನೂ ಮೂರು ಬೊಗಸೆ ಬೇಕು ಎಂಬಂತಿದ್ದ ಅದನ್ನು ಅದರ ಅಪ್ಪ ಧೈರ್ಯ ಮಾಡಿ ಗುಂಡ ಎಂದು ಕರೆದ.

“ಅಕ್ಕ, ನೀನೇ ಹೇಳು” ಎಂದಳು ತಂಗಿ, ವಾರ್ಡಿನ ಮಂಚದ ಮೇಲೆ ಕೂತು. “ಚೀಲ ಹಾಕಿಸ್ಲಾ, ಒಂದೇ ಸಲ ಮಾಡಿಸ್ಲಾ?”

“ನೂರಕ್ಕೆ ತೊಂಬತ್ತಾರು ಮಕ್ಕಳು ಚೆನ್ನಾಗಿದಾವೆ. ಬೇರೆ ಯಾರೋ ಹೇಳಿದ್ದಲ್ಲ, ನಾನೇ ಒಬ್ಬೊಬ್ಬರನ್ನೂ ಕೇಳಿ ಬರೆದಿದ್ದು. ಆ ಹಸುಳೆ ಹೊಟ್ಟೆಗೆ ಚೀಲ ಕಟ್ಟಿ ಆರು ತಿಂಗಳು ಒದ್ದಾಡ್ತೀಯಾ?”

ತಂಗಿ ಸಹಿ ಹಾಕಿದಳು. ಪೆನ್ನು ಕೊಟ್ಟದ್ದೂ ಫೋನಕ್ಕನೇ.

ಆಪರೇಷನ್ ಹೂವೆತ್ತಿದಂತೆ ಆಯಿತು. ಹನ್ನೆರಡನೇ ದಿನ ಗುಂಡ ಮನೆಗೆ ಹೋದ. ಮನೆ ಬಸ್ಸಿನಲ್ಲಿ ಮೂರು ಗಂಟೆ ದೂರ. ಇಪ್ಪತ್ತೊಂದನೇ ದಿನ ಹೊಟ್ಟೆ ಉಬ್ಬಿತು, ಹಸಿರು ವಾಂತಿಯಾಯಿತು. ಹತ್ತಿರದ ಚಿಕ್ಕ ಆಸ್ಪತ್ರೆಗೆ ಒಯ್ದರು. ಮರುದಿನ ಮಧ್ಯಾಹ್ನ ಫೋನಕ್ಕ ಬಸ್ಸಿಳಿದು ಓಡಿ ಹೋಗುವಷ್ಟರಲ್ಲಿ ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಯಾಗಿತ್ತು. ತಂಗಿ ಅಳಲಿಲ್ಲ. ಅಕ್ಕನ ಮುಖ ನೋಡಿ, “ತೊಂಬತ್ತಾರು ಅಂದಿದ್ದೆ” ಎಂದಳು. ಮಣ್ಣು ಮಾಡಿ ಬಂದ ಮೇಲೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಕ್ಕ ಎರಡು ದಿನ ಬಾಗಿಲ ಹೊರಗೆ ಕೂತಳು, ಮೂರನೇ ದಿನ ಬಸ್ಸು ಹತ್ತಿದಳು.

ಕೆಲಸಕ್ಕೆ ಬಂದವಳು ಫೋನ್ ಕಿವಿಗಿಟ್ಟಳು. ಪಟ್ಟಿಯಲ್ಲಿದ್ದ ಮೊದಲ ಮನೆಯಲ್ಲಿ ಗಂಟೆ ಬಾರಿಸಿ ಬಾರಿಸಿ ನಿಂತಿತು. ಆಗ ಹೊಳೆಯಿತು ಆ ಸಣ್ಣ ವಿಷಯ. ಈ ಫೋನಿನಿಂದ ಕರೆ ಹೋದರೆ ಆಚೆ ಕಡೆ ಆಸ್ಪತ್ರೆಯ ಹೆಸರು ಬೀಳುತ್ತದೆ. ತಂಗಿ ಇದನ್ನು ಎತ್ತುತ್ತಾಳೆಯೇ? ಜನ್ಮದಲ್ಲಿ ಎತ್ತುವುದಿಲ್ಲ. ಹಾಗಾದರೆ ಎತ್ತದಿದ್ದ ಉಳಿದವರೆಲ್ಲ ಯಾರು?

ಅವಳು ಹಳೆಯ ಪಟ್ಟಿ ತೆರೆದಳು. ಹಳೆಯ ರೀತಿಯವರಲ್ಲಿ ಎಂಟು ಬಿದ್ದವರು ಹನ್ನೊಂದು ಮಂದಿ. ಹೊಸ ರೀತಿಯವರಲ್ಲಿ ನಲವತ್ತನಾಲ್ಕು. ಕಾರಣ ಕಣ್ಣಿಗೆ ಹೊಡೆಯುವಂತಿತ್ತು. ಚೀಲದ ಮಕ್ಕಳು ಚೀಲ ಬದಲಿಸಲು, ಮುಂದಿನ ಆಪರೇಷನ್ನಿಗೆ, ಮತ್ತೆ ಮತ್ತೆ ಬರಲೇಬೇಕು. ಸತ್ತರೂ ಸುದ್ದಿ ಬರುತ್ತದೆ. ಒಂದೇ ಸಲ ಮುಗಿಸಿಕೊಂಡ ಮಕ್ಕಳು ಮನೆಗೆ ಹೋದರೆ ಹೋದವು. ಅವರಿಗೂ ಆಸ್ಪತ್ರೆಗೂ ನಡುವೆ ಇದ್ದದ್ದು ಈ ಫೋನೊಂದೇ.

ಐದು ದಿನ ಊಟದ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಕೂತು ಸ್ವಂತ ಫೋನಿನಿಂದ ನಲವತ್ತನಾಲ್ಕು ಮನೆಗೂ ಕರೆ ಮಾಡಿದಳು. ಇಪ್ಪತ್ತೇಳು ಜನ ಎತ್ತಿದರು. ಎಂಟು ಮಕ್ಕಳು ಆಡಿಕೊಂಡಿದ್ದವು. ಹತ್ತೊಂಬತ್ತು ಇರಲಿಲ್ಲ. “ಆಸ್ಪತ್ರೆ ಹೆಸರು ಬಿದ್ರೆ ಫೋನ್ ಮಗುಚಿ ಇಡ್ತಿದ್ದೆ ಅಮ್ಮ, ಎತ್ತಲಿಲ್ಲ” ಎಂದ ಒಬ್ಬ ತಂದೆ, ತಪ್ಪು ತನ್ನದೇ ಎಂಬಂತೆ. ಮೇಷ್ಟ್ರು ಕೂಡಿಸಿ ಭಾಗಿಸಿದರು. ತೊಂಬತ್ತಾರು ಎಂಬತ್ತೆಂಟಕ್ಕೆ ಇಳಿದಿತ್ತು, ಇನ್ನೂ ಹದಿನೇಳು ಮನೆ ಬಾಕಿಯಿರುವಾಗಲೇ. ಅಂಬಿಗನ ಗಾದೆಯನ್ನು ಅವರು ಆಮೇಲೆ ಎಂದೂ ಹೇಳಲಿಲ್ಲ.

ದೊಡ್ಡ ಡಾಕ್ಟರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದಾದರೂ ಸಮಾಧಾನ ಪಡಬಹುದಿತ್ತು. ಕಾಗದವನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

“ಇದು ನಿಮ್ಮ ಸ್ವಂತ ಫೋನು. ರೆಕಾರ್ಡ್ ಇಲ್ಲ, ಅನುಮತಿ ಇಲ್ಲ. ಸಂಶೋಧನೆ ಪರಿಶೀಲಿಸೋ ಸಮಿತಿಯವರು ಇದನ್ನ ಕೈಯಲ್ಲೂ ಮುಟ್ಟಲ್ಲ.”

“ಹಾಗಾದ್ರೆ ಆ ಹತ್ತೊಂಬತ್ತು ಮಕ್ಕಳು ಎಲ್ಲಿ ಹೋದವು ಸಾರ್?”

ಅವರು ಕಾಗದವನ್ನು ಮಡಚಿ ಕನ್ನಡಕದ ಕೆಳಗಿಟ್ಟರು. “ಎರಡನೇ ಹಂತದಲ್ಲಿ ಮನೆಗೆ ಹೋದ ಮೇಲಿನ ಸಾವು ಇವತ್ತಿನ ತನಕ ಒಂದೂ ಇಲ್ಲ. ಒಂದೇ ಒಂದು, ನಿಯಮದ ಪ್ರಕಾರ ದಾಖಲಾಗಿ ನನ್ನ ಕೈಗೆ ಬರಲಿ. ಅದನ್ನ ಹಿಡ್ಕೊಂಡು ನಾನೇ ಸಮಿತಿ ಮುಂದೆ ಹೋಗ್ತೀನಿ. ಈ ಆಪರೇಷನ್ ನಿಲ್ಲಿಸ್ತೀನಿ. ಹಳೇ ಎಂಟುಗಳನ್ನೆಲ್ಲ ಮತ್ತೆ ತನಿಖೆ ಮಾಡಿಸ್ತೀನಿ.”

“ಒಂದು ಇದೆ. ನನ್ನ ತಂಗಿ ಮಗು.”

ಡಾಕ್ಟರಿಗೆ ಗೊತ್ತಿರಲಿಲ್ಲ. ಗುಂಡನ ಹೊಟ್ಟೆಗೆ ಹೊಲಿಗೆ ಹಾಕಿದ್ದು ಅವರ ಕೈಯೇ. ಆ ಕೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟುಕೊಂಡು ಕೂತರು. ಕೊನೆಗೆ, “ನೀವು ಹೇಳಿದ್ರೆ ಆಗಲ್ಲ” ಎಂದರು. “ಸಹಿ ಹಾಕಿದವರೇ ಹೇಳಬೇಕು, ನಮ್ಮ ಫೋನಿನಲ್ಲಿ. ನೀವು ಹೇಳಿಕೊಡೋ ಹಾಗೂ ಇಲ್ಲ. ತಾಯಿ ಬಾಯಿಂದ ಒಂದು ಮಾತು ಬರಲಿ ಸಾಕು.”

ಮರುದಿನವೇ ಗುಂಡನ ಮೂವತ್ತನೇ ದಿನ. ಪಟ್ಟಿಯಲ್ಲಿ ತಂಗಿಯ ನಂಬರು ಉಳಿದ ನಂಬರುಗಳ ನಡುವೆ ತಣ್ಣಗೆ ಕೂತಿತ್ತು.

“ನಾನು ಮಾಡ್ಲಾ?” ಎಂದು ಕೇಳಿದರು ಮೇಷ್ಟ್ರು. ಫೋನಕ್ಕ ಬೇಡವೆಂದು ತಲೆಯಾಡಿಸಿದಳು. ಮಾಡಿದ್ದುಣ್ಣೋ ಮಹಾರಾಯ ಎನ್ನುವುದು ಮಹಾರಾಯಿತಿಯರಿಗೂ ಸೇರಿಸಿಯೇ ಇರಬೇಕು. ಗಂಟೆ ಬಾರಿಸಿತು, ನಿಂತಿತು. ಮೊದಲ ಕರೆ.

ಸಂಜೆ ಅವಳು ಬಸ್ಸು ಹತ್ತಿ ತಂಗಿಯ ಮನೆಗೆ ಹೋದಳು. ತಂಗಿಯ ಗಂಡ ಬಾಗಿಲಲ್ಲೇ ನಿಂತ. ಒಳಗೆ ಕರೆಯಲಿಲ್ಲ, ಒರಟಾಗಿಯೂ ಮಾತಾಡಲಿಲ್ಲ. ಅವಳು ಎಲ್ಲವನ್ನೂ ಹೇಳಿದಳು: ನಲವತ್ತನಾಲ್ಕು ಮನೆ, ಹತ್ತೊಂಬತ್ತು ಮಕ್ಕಳು, ಸಮಿತಿ, ನಿಯಮ. “ಅವಳು ಎರಡೇ ಮಾತು ಹೇಳ್ಲಿ. ಮಗು ಹೇಗಿದೆ ಅಂತ ನಾನು ಕೇಳ್ತೀನಿ. ಮಗು ಹೋಯ್ತು ಅನ್ನಲಿ. ಮುಂದೆ ಬರೋ ಮಕ್ಕಳು ಉಳೀತವೆ.”

ಅವನು ತಲೆ ತಗ್ಗಿಸಿ ಕೇಳಿಸಿಕೊಂಡು ಒಳಗೆ ಹೋದ. ಹೊರಗೆ ಬರುವಾಗ ಕಣ್ಣು ಕೆಂಪಾಗಿತ್ತು.

“ಅವಳಿಗೆ ಎಲ್ಲಾ ಹೇಳ್ದೆ ಅಕ್ಕಾವ್ರೆ. ಬೇರೆ ಮಕ್ಕಳು ಅಂತಾಳಲ್ಲ ಅಕ್ಕ, ನನಗೆ ಬೇರೆ ಮಕ್ಕಳಿಲ್ಲ ಅಂದ್ಲು. ಆಸ್ಪತ್ರೆ ಪುಸ್ತಕದಲ್ಲಿ ಒಂದು ಕಡೆ ಅವನು ಇನ್ನೂ ಇದಾನಲ್ಲ, ಅಲ್ಲಿಂದಲೂ ತೆಗೀಬೇಕಾ ಅಂದ್ಲು.” ಕಣ್ಣೊರೆಸಿಕೊಂಡು, “ನಾನು ಹೇಳಿ ನೋಡ್ತೀನಿ. ಫೋನಾದ್ರೂ ಎತ್ತಿಸ್ತೀನಿ” ಎಂದ.

ಎರಡನೇ ದಿನವೂ ಗಂಟೆ ಸುಮ್ಮನೆ ಬಾರಿಸಿ ನಿಂತಿತು. ಅವತ್ತು ಮಧ್ಯಾಹ್ನ ನೀರಿನ ಬಾಟಲಿ ತುಂಬಿಸಿಕೊಳ್ಳಲು ಕೆಳಗಿಳಿದಾಗ ಹೊರರೋಗಿಗಳ ಕೋಣೆಯ ಮುಂದೆ ಒಬ್ಬ ಬಾಣಂತಿ ಮಗುವನ್ನು ಎದೆಗೊತ್ತಿಕೊಂಡು ಗೋಡೆಯ ತೊಂಬತ್ತಾರನ್ನು ಓದುತ್ತಿದ್ದಳು. ಓದಿ ಮುಗಿಸುತ್ತಿದ್ದಂತೆ ಅವಳ ಮುಖಕ್ಕೆ ಸ್ವಲ್ಪ ಕಳೆ ಬಂತು. ಫೋನಕ್ಕ ನೀರು ತುಂಬಿಸದೆಯೇ ಮೇಲೆ ಹತ್ತಿದಳು.

ಮೂರನೇ ದಿನ ಒಂದೇ ಗಂಟೆಗೆ ಫೋನ್ ಎತ್ತಿದರು.

ಫೋನಕ್ಕನ ಬೆನ್ನು ನೆಟ್ಟಗಾಯಿತು. ಮೇಷ್ಟ್ರು ಪೆನ್ನು ಕೆಳಗಿಟ್ಟರು. ಹನ್ನೊಂದು ವರ್ಷ ಬಾಯಿಪಾಠವಾಗಿದ್ದ ಮಾತು ಮೊದಲ ಸಲ ತೊದಲಿತು. “ನಮಸ್ಕಾರ. ಆಸ್ಪತ್ರೆಯಿಂದ ಮಾತಾಡ್ತಿರೋದು. ಈ ಕರೆ ರೆಕಾರ್ಡ್ ಆಗುತ್ತೆ. ಮಗುವಿನ ತಾಯಿನಾ ಮಾತಾಡ್ತಿರೋದು?”

“ಹೌದು” ಎಂದಳು ತಂಗಿ.

“ಮಗು ಹೇಗಿದೆ?”

ಆಚೆ ಉಸಿರು ಕೇಳಿಸುತ್ತಿತ್ತು. ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು. ಹೇಳು, ಹೇಳು ಮರಿ, ಎಂದು ಫೋನಕ್ಕ ಮನಸ್ಸಿನಲ್ಲೇ ಬೇಡಿಕೊಂಡಳು. ಚಿಕ್ಕಂದಿನಲ್ಲಿ ಔಷಧಿ ಕುಡಿಸುವಾಗ ಹೀಗೇ ಬೇಡಿಕೊಳ್ಳುತ್ತಿದ್ದಳು.

“ಚೆನ್ನಾಗಿದಾನೆ.”

ಪ್ರಶ್ನೆಯನ್ನು ಒಂದು ಸಲ ಮತ್ತೆ ಕೇಳಬಹುದು, ನಿಯಮ ಅಷ್ಟಕ್ಕೆ ಬಿಡುತ್ತದೆ. “ಇನ್ನೊಂದು ಸಲ ಕೇಳ್ತೀನಮ್ಮ. ಮಗು ಹೇಗಿದೆ?”

“ಹೇಳಿದ್ನಲ್ಲ. ಚೆನ್ನಾಗಿದಾನೆ.”

“ಹಾಲು ಕುಡೀತಾನಾ?”

“ಕುಡೀತಾನೆ. ಹಠ ಮಾಡಲ್ಲ.”

“ವಾಂತಿ?”

“ಇಲ್ಲ.”

“ಗಾಯ ಒಣಗಿದ್ಯಾ?”

“ಕಲೆ ಕೂಡ ಇಲ್ಲ.”

“ನಿದ್ದೆ ಮಾಡ್ತಾನಾ?”

“ಮಾಡ್ತಾನೆ. ಎಷ್ಟು ಹೊತ್ತಾದ್ರೂ ಏಳಲ್ಲ.” ತಂಗಿಯ ದನಿ ಎಲ್ಲೂ ನಡುಗಲಿಲ್ಲ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅದರ ಮುಖ ನೋಡುತ್ತಾ ಉತ್ತರ ಕೊಡುವವಳ ದನಿ ಅದು. ಉಳಿದ ಎರಡು ಪ್ರಶ್ನೆಗೂ ಹಾಗೇ ಉತ್ತರ ಕೊಟ್ಟಳು. ಫೋನಕ್ಕನ ಕಣ್ಣಿಂದ ನೀರು ಇಳಿದು ಕೀಲಿಮಣೆಯ ಮೇಲೆ ಬಿತ್ತು. ಮೇಷ್ಟ್ರು ಎದ್ದು ಗೋಡೆಯ ಕಡೆ ತಿರುಗಿ ನಿಂತರು. ಇನ್ನು ಉಳಿದದ್ದು ಕಡೆಯ ಎರಡು ವಾಕ್ಯ. ಅದನ್ನೂ ಹೇಳಲೇಬೇಕು, ಇಲ್ಲದಿದ್ದರೆ ಕರೆ ಪೂರ್ತಿಯಾಗುವುದಿಲ್ಲ.

“ಮಾತಾಡಿದ್ದಕ್ಕೆ ಧನ್ಯವಾದ. ಮಗುವಿಗೆ ವರ್ಷ ತುಂಬಿದಾಗ ಮತ್ತೆ ಫೋನ್ ಮಾಡ್ತೀವಿ.”

“ಮಾಡು ಅಕ್ಕ” ಎಂದಳು ತಂಗಿ. “ಅಷ್ಟೊತ್ತಿಗೆ ನಡೀತಾ ಇರ್ತಾನೆ.”

ಫೋನ್ ಇಟ್ಟ ಸದ್ದಾಯಿತು. ಪರದೆಯ ಮೇಲೆ ಗುಂಡನ ಸಾಲು ಕಾಯುತ್ತಿತ್ತು. ಫೋನಕ್ಕನ ಬೆರಳು ನಾಲ್ಕರ ಮೇಲೆ ಒಂದಿಷ್ಟು ಹೊತ್ತು ನಿಂತಿತು. ಆಮೇಲೆ ಅವಳು ಒಂದನ್ನು ಒತ್ತಿದಳು. ಮುಂದಿನ ವರ್ಷದ ಕರೆಯ ದಿನಾಂಕವನ್ನು ಕಂಪ್ಯೂಟರು ತಾನೇ ಗುರುತು ಹಾಕಿಕೊಂಡಿತು.