ಹೊಸಿಲಿನವರೆಗೆ

ಗ್ರಂಥಾಲಯದ ಮುಂದಿನ ರ‍್ಯಾಂಪು ಕಟ್ಟಿ ಮುಗಿದ ದಿನ ಮೇಸ್ತ್ರಿ ಮನೆಯಿಂದ ಹೆಂಡತಿಯ ಗಾಲಿಕುರ್ಚಿ ತಳ್ಳಿಕೊಂಡು ಬಂದ. ಕುರ್ಚಿ ಖಾಲಿ. ಅವಳು ತೀರಿಕೊಂಡು ವರ್ಷವಾಗಿತ್ತು.

ಎಂಟು ವರ್ಷ ಅವಳು ಇಲ್ಲೇ, ಐದು ಮೆಟ್ಟಿಲ ಬುಡದಲ್ಲಿ, ಇದೇ ಕುರ್ಚಿಯಲ್ಲಿ ಕಾದಿದ್ದಳು. ಎತ್ತಿಕೊಂಡು ಹೋಗುತ್ತೇನೆಂದರೆ, "ನಾನೇನು ಸಿಮೆಂಟ್ ಮೂಟೆನಾ?" ಎಂದು ಗದರುತ್ತಿದ್ದಳು. ಹಾಗಾಗಿ ಪುಸ್ತಕ ತರುವ ಕೆಲಸ ಇವನದು. ಓದು ಬಾರದ ಮೇಸ್ತ್ರಿ ಇಟ್ಟಿಗೆ ಆರಿಸಿದ ಹಾಗೆಯೇ ಆರಿಸುತ್ತಿದ್ದ: ಮೂಲೆ ಮುಕ್ಕಾಗಿರಬಾರದು, ಕೈಗೆ ತೂಕ ಹತ್ತಬೇಕು.

"ರೀ, ಓಟದ ಪಂದ್ಯದ ಪುಸ್ತಕ ತಂದಿದ್ದೀರಲ್ಲ! ನಾಳೆ ಬೇಗ ಎಬ್ಬಿಸಿ, ಅಭ್ಯಾಸ ಶುರು ಮಾಡ್ತೀನಿ" ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆಮೇಲೆ ಬಾಗಿಲಿನತ್ತ ನೋಡಿ, "ಒಂದೇ ಒಂದು ಸಲ ನಾನೇ ಆರಿಸ್ಬೇಕು" ಎನ್ನುತ್ತಿದ್ದಳು.

ಈಗ ಕೆಲಸ ನೋಡಲು ಬಂದಿದ್ದ ಇಂಜಿನಿಯರ್ ರ‍್ಯಾಂಪನ್ನು ಬೂಟುಗಾಲಲ್ಲಿ ಹತ್ತಿ ಇಳಿದು, "ಭೇಷ್ ಮೇಸ್ತ್ರಿ" ಎಂದ. ಮೇಸ್ತ್ರಿ ಕುರ್ಚಿ ತಳ್ಳಿದ. ಬೆಣ್ಣೆಯ ಮೇಲೆ ಜಾರಿದಂತೆ ಮೇಲೇರಿತು. ಬಾಗಿಲಿಗೆ ಬಂದು ಧಡ್ ಎಂದು ನಿಂತಿತು.

ಕಲ್ಲಿನ ಹೊಸಿಲು. ನಾಲ್ಕು ಬೆರಳೆತ್ತರ. ಕೆಲಸ ನಡೆದ ಒಂದು ತಿಂಗಳೂ ಮೇಸ್ತ್ರಿ ಅದನ್ನು ದಾಟಿ ಒಳಗೆ ಹೋಗಿ ನೀರು ತಂದಿದ್ದ. ಅದೊಂದು ತಡೆಯೆಂದು ಒಮ್ಮೆಯೂ ಕಾಲಿಗೆ ಅನಿಸಿರಲಿಲ್ಲ.

"ನಕ್ಷೆ ಬಾಗಿಲ ತನಕ ಮಾತ್ರ" ಎಂದ ಇಂಜಿನಿಯರ್. "ಒಳಗಿಂದು ಬೇರೆ ಫೈಲು. ಅಷ್ಟಕ್ಕೂ ಬರೋರು ಯಾರಿದ್ದಾರಯ್ಯ? ಇಲ್ಲಿ ಅಂಥವರನ್ನ ಒಬ್ಬರನ್ನೂ ನೋಡಿಲ್ಲ."

"ಒಬ್ಬಳು ಬರ್ತಿದ್ಳು, ಸಾಹೇಬ್ರೆ. ಒಳಗೆ ಕೂತೋರಿಗೆ ಕಾಣ್ತಿರ್ಲಿಲ್ಲ, ಅಷ್ಟೆ." ಮೇಸ್ತ್ರಿ ಹಾರೆ ಎತ್ತಿಕೊಂಡ.

"ಏಯ್, ಅನುಮತಿ ಇಲ್ದೆ ಮುಟ್ಬೇಡ!"

"ಮೇಸ್ತ್ರಿ ತಪ್ಪು ಅಂತ ಬರ್ಕೊಳ್ಳಿ. ತಪ್ಪು ನನ್ನದೂ ಹೌದು."

ಹೊಸಿಲ ಕಲ್ಲು ಎಬ್ಬಿಸಿ, ಅಡಿಯ ಮಣ್ಣು ತೆಗೆದು, ನೆಲಕ್ಕೆ ಸಮನಾಗಿ ಕೂರಿಸಿದ. ಗಾರೆ ಗಟ್ಟಿಯಾಗಲು ಮೂರು ದಿನ ಬಿಟ್ಟು ಮತ್ತೆ ಕುರ್ಚಿ ತಂದ. ಈ ಸಲ ಅದು ಸದ್ದಿಲ್ಲದೆ ಒಳಗೆ ಹೋಯಿತು, ಕಪಾಟುಗಳ ನಡುವೆ ನಿಂತಿತು.

"ಯಾವ ಪುಸ್ತಕ ಕೊಡ್ಲಿ, ಮೇಸ್ತ್ರಿ?" ಗ್ರಂಥಪಾಲಕಿ ಕೇಳಿದಳು.

ದಪ್ಪನೆಯದೊಂದರ ಮೇಲೆ ಅವನ ಕೈ ಆಗಲೇ ಹೋಗಿತ್ತು. ಹಿಂದಕ್ಕೆ ತೆಗೆದುಕೊಂಡ.

"ಬೇಡಮ್ಮ. ಆರಿಸೋರು ಬಂದಿಲ್ಲ."

ಹೊರಗೆ ಬಂದಾಗ, ರ‍್ಯಾಂಪಿನ ಮೇಲೆ ಕುರ್ಚಿ ತಾನಾಗಿಯೇ ಮುಂದೋಡಿತು. ಮೊದಲೆಲ್ಲ ಇಳಿಜಾರು ಬಂದರೆ ಎರಡೂ ಕೈ ಬಿಗಿಹಿಡಿಯಬೇಕಿತ್ತು. ಈಗ ತಡೆಯಲು ಒಂದೇ ಬೆರಳು ಸಾಕಾಯಿತು.