ಹೂಂಗುಟ್ಟಪ್ಪನ ಮೂರು ನಿಮಿಷ

ಆಲೂಗಡ್ಡೆ ಬೆಳೆಯುವ ಆ ರೈತನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಊರಿಗೆಲ್ಲ ಅವನು ಹೂಂಗುಟ್ಟಪ್ಪ. ಬಿತ್ತನೆ ಮುಗೀತಾ ಎಂದರೆ ಹೂಂ, ಮಗಳ ಮದುವೆ ಗೊತ್ತಾಯಿತಂತೆ ಎಂದರೆ ಹೂಂ, ನಿನ್ನ ಹಸು ನನ್ನ ಹೊಲಕ್ಕೆ ನುಗ್ಗಿದೆ ಎಂದರೂ ಹೂಂ. ಮನೆಯ ಪಾಲಿಗೆ ಬಂದ ಮಾತನ್ನೆಲ್ಲ ಹೆಂಡತಿಯೇ ಆಡಿ ಮುಗಿಸುತ್ತಿದ್ದಳು.

ಊರಿನ ಮುನ್ನೂರು ಎಕರೆಯನ್ನು ವ್ಯವಸಾಯದ ವಲಯದಿಂದ ತೆಗೆದು ಗಣಿ ವಲಯಕ್ಕೆ ಸೇರಿಸುವುದಾಗಿ ಸರ್ಕಾರದ ನೋಟೀಸು ಬಂತು. ಹಳೆಯ ನಕ್ಷೆಯಲ್ಲಿ ಹಸಿರಾಗಿದ್ದ ಜಾಗ ಹೊಸದರಲ್ಲಿ ಕಂದು ಬಣ್ಣಕ್ಕೆ ತಿರುಗಿತ್ತು. ಹೂಂಗುಟ್ಟಪ್ಪನ ಹೊಲದ ನಟ್ಟನಡುವೆ ಲಾರಿ ನಿಲ್ದಾಣ. ಆಕ್ಷೇಪಣೆ ಇದ್ದವರು ವಿಚಾರಣೆಯಲ್ಲಿ ಮಾತಾಡಲು ಹೆಸರು ಬರೆಸಬೇಕು, ಒಬ್ಬೊಬ್ಬರಿಗೆ ಮೂರು ನಿಮಿಷ. ಹೆಂಡತಿ ತನ್ನ ಹೆಸರಿನ ಜೊತೆಗೆ ಗಂಡನದನ್ನೂ ಬರೆಸಿದಳು.

"ನನಗೆ ಮೂರು ನಿಮಿಷ ಎಲ್ಲಿ ಸಾಕಾಗುತ್ತೆ? ನಿಮ್ಮ ಪಾಲಿಂದೂ ನಾನೇ ಆಡ್ತೀನಿ," ಎಂದಳು.

ಹೂಂ ಎಂದ.

ತಾಲ್ಲೂಕು ಕಚೇರಿಯ ಸಭಾಂಗಣದಲ್ಲಿ ವಿಚಾರಣೆ ನಡೆಯಿತು. ಅಧ್ಯಕ್ಷತೆಗೆ ಬಂದಿದ್ದ ಅಧಿಕಾರಿಣಿಗೆ ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಮೂವತ್ತು ವರ್ಷದಲ್ಲಿ ಒಂದು ನಿಯಮವನ್ನೂ ಮುರಿಯದ ಹೆಂಗಸು. ನಿಯಮದ ಪುಸ್ತಕದ ಮೇಲೆ ಎಡಗೈ ಊರಿಕೊಂಡೇ ಕೂರುತ್ತಿದ್ದಳು. ಎದುರಿಗೆ ಗಣಿ ಕಂಪನಿಯ ವಕೀಲ. ಸಂಜೆ ನಾಲ್ಕರ ಹೊತ್ತಿಗೆ ನಲವತ್ತೆರಡು ಜನ ಮಾತಾಡಿ ಮುಗಿಸಿದ್ದರು. ನಲವತ್ತಮೂರನೆಯವನು, ಪಟ್ಟಿಯಲ್ಲಿ ಕೊನೆಯವನು, ಹೂಂಗುಟ್ಟಪ್ಪ.

ಹೆಂಡತಿ ಮೈಕಿನತ್ತ ಹೊರಟಳು. "ಒಬ್ಬರ ಸಮಯ ಇನ್ನೊಬ್ಬರಿಗೆ ಕೊಡೋಹಾಗಿಲ್ಲ," ಎಂದಳು ಅಧಿಕಾರಿಣಿ.

ಹಾಗಾಗಿ ಅವನೇ ಎದ್ದು ಬಂದು ಮೈಕು ಹಿಡಿದ. ಬಾಯಿ ತೆರೆದ, ಮುಚ್ಚಿದ. ಮಾತಿರಲಿಲ್ಲ ಎಂದಲ್ಲ. ಗಿಡ ಹಿಡಿದೆಳೆದರೆ ಗೆಡ್ಡೆಗಳೆಲ್ಲ ಮಣ್ಣುಸಮೇತ ಒಟ್ಟಿಗೆ ಬರುತ್ತವಲ್ಲ, ಹಾಗೆ ಎಲ್ಲವೂ ಗಂಟಲಿಗೆ ಬಂದು ನಿಂತಿದ್ದವು. ಯಾವುದನ್ನು ಮೊದಲು ಬಿಡಿಸಬೇಕೋ ತಿಳಿಯಲಿಲ್ಲ.

"ಮೂರು ನಿಮಿಷ ಆಯ್ತು ಮೇಡಂ," ಎಂದ ವಕೀಲ.

ಅಧಿಕಾರಿಣಿ ಪುಸ್ತಕ ತೆರೆದು ಓದಿದಳು: ಸಮಯವನ್ನು ಮೊದಲ ಮಾತಿನಿಂದ ಎಣಿಸತಕ್ಕದ್ದು. ಯಾರನ್ನೂ ಅವಸರಪಡಿಸತಕ್ಕದ್ದಲ್ಲ. ಹೆಸರು ಬರೆಸಿದವರೆಲ್ಲ ಮಾತಾಡುವವರೆಗೆ ವಿಚಾರಣೆಯನ್ನು ಮುಗಿಸತಕ್ಕದ್ದಲ್ಲ. "ಅವರಿನ್ನೂ ಶುರುವೇ ಮಾಡಿಲ್ಲ. ನಾಳೆ ಹತ್ತು ಗಂಟೆಗೆ ಬನ್ನಿ."

ಮರುದಿನವೂ ಅದೇ ಕಥೆ. ಮೂರನೆಯ ದಿನ ಹೆಂಡತಿ ಮೆಲ್ಲನೆ ಕೇಳಿದಳು. "ಇದು ಮುಗೀದೇ ಇದ್ರೆ ಏನಾಗುತ್ತೆ ಮೇಡಂ?"

"ಶುರುವಾದ ಅರವತ್ತು ದಿನದೊಳಗೆ ಮುಗೀದಿದ್ರೆ ಪ್ರಸ್ತಾವನೆ ತಾನಾಗೇ ಬಿದ್ದುಹೋಗುತ್ತೆ."

ಬಸ್ಸಿನಲ್ಲಿ ಊರಿಗೆ ಮರಳುವಾಗ ಹೆಂಡತಿ ಗಂಡನ ಕಿವಿಯಲ್ಲಿ ಹೇಳಿದಳು: "ಇನ್ನು ಬಾಯಿ ಬಿಟ್ಟೀರಿ, ಜೋಕೆ."

ನಾಲ್ಕನೆಯ ದಿನ ಜವಾನ ನೀರು ಬೇಕಾ ಎಂದು ಕೇಳಿದ. ಹೂಂಗುಟ್ಟಪ್ಪ ಅಭ್ಯಾಸಬಲದಿಂದ ಹೂಂ ಎಂದುಬಿಟ್ಟ. ವಕೀಲ ಕುರ್ಚಿಯಿಂದ ಚಿಮ್ಮಿ ಎದ್ದು ಗಡಿಯಾರ ತೋರಿಸಿದ. ಹೂಂ ಎನ್ನುವುದು ಮಾತೋ ಅಲ್ಲವೋ ಪುಸ್ತಕದಲ್ಲಿರಲಿಲ್ಲ. ಅಧಿಕಾರಿಣಿ ಮೇಲಿನ ಕಚೇರಿಗೆ ಪತ್ರ ಬರೆದಳು. ಹನ್ನೊಂದು ದಿನದ ಮೇಲೆ ಉತ್ತರ ಬಂತು: ಬರೀ ಹೂಂ ಮಾತಲ್ಲ, 'ಹೂಂ, ಸರಿ' ಎಂದರೆ ಮಾತು. ಅಂದಿನಿಂದ ಜವಾನ ಕೇಳದೆಯೇ ನೀರಿಟ್ಟು ಹೋಗುತ್ತಿದ್ದ.

ವಕೀಲ ಸುಮ್ಮನಿರುವವನಲ್ಲ. ಮೈಕಿನ ಹತ್ತಿರವೇ ಬಂದು, "ನಿಮ್ಮ ಹೊಲದ ಆಲೂಗಡ್ಡೆ ಗೋಲಿಗಿಂತ ದೊಡ್ಡದಾಗಲ್ವಂತೆ?" ಎಂದ. ಹೂಂಗುಟ್ಟಪ್ಪನ ಕಿವಿ ಕೆಂಪಾದವು. ಹೆಂಡತಿ ಎದ್ದುನಿಂತು ಆ ವಕೀಲನ ವಂಶಾವಳಿಯನ್ನು ಏಳು ನಿಮಿಷ ಬಿಡಿಸಿ ಹೇಳಿದಳು. ಅಧಿಕಾರಿಣಿ ಪೂರ್ತಿ ಕೇಳಿಸಿಕೊಂಡು ಆಮೇಲೆ ಅದನ್ನು ದಾಖಲೆಯಿಂದ ತೆಗೆಸಿದಳು. ತಿಂಗಳು ಕಳೆಯುವಷ್ಟರಲ್ಲಿ ವಕೀಲನೂ ಸೋತು, ಊಟದ ಬಿಡುವಿನಲ್ಲಿ ಇವನ ಪಕ್ಕ ಕೂತು ಅತ್ತೆಯ ಮಂಡಿನೋವು, ತನ್ನ ಅಸಿಡಿಟಿ, ಭಾವಮೈದುನನ ದರ್ಬಾರು ಎಲ್ಲ ಹೇಳಿಕೊಳ್ಳತೊಡಗಿದ. ಇಷ್ಟು ಚೆನ್ನಾಗಿ ಕೇಳುವವರು ಅವನಿಗೆ ಎಲ್ಲಿಯೂ ಸಿಕ್ಕಿರಲಿಲ್ಲ.

ಅರವತ್ತನೆಯ ದಿನ ಬೆಳಿಗ್ಗೆ ಹೂಂಗುಟ್ಟಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೆಂಡತಿಗೆ, "ಇವತ್ತು ಮಾತಾಡ್ತೀನಿ," ಎಂದ.

ಅವಳ ಕೈಯ ಲೋಟ ಜಾರಿತು.

"ಮೊದಲನೇ ಮಾತು ಸಿಕ್ತು. ಮಿಕ್ಕಿದ್ದು ಅದರ ಹಿಂದೇನೇ ಇದೆ."

"ನಿಮ್ಮ ದಮ್ಮಯ್ಯ, ಇವತ್ತೊಂದು ದಿನ ತಡ್ಕೊಳ್ಳಿ. ಐದು ಗಂಟೆವರೆಗೆ."

"ಇಪ್ಪತ್ತಾರು ವರ್ಷ ಕಲ್ಲು ಕಲ್ಲು ಅಂತ ಬೈದೋಳು ನೀನು."

"ಬೈದೆ. ಇವತ್ತು ಕಲ್ಲಾಗಿರಿ ಅಂತ ಬೇಡ್ಕೋತಿದೀನಿ."

ಅವನಿಗೆ ನಿಜಕ್ಕೂ ನೋವಾಯಿತು. ಹುಟ್ಟಿದಾಗಿನಿಂದ ಮೊದಲ ಬಾರಿ ಹೇಳುವುದಕ್ಕೊಂದು ಮಾತು ಸಿಕ್ಕಿದೆ, ಅದೂ ಕೇಳಲೆಂದೇ ಸರ್ಕಾರ ಕುರ್ಚಿ ಹಾಕಿದೆ, ಬೇಡವೆನ್ನುವವರೆಲ್ಲ ತನ್ನವರೇ. ಅವತ್ತು ಇಡೀ ಊರು ಸಭಾಂಗಣಕ್ಕೆ ಬಂದು ಅವನ ತುಟಿಯನ್ನೇ ನೋಡುತ್ತ ಕುಳಿತಿತು. ಅವನು ತುಟಿ ಒದ್ದೆ ಮಾಡಿಕೊಂಡಾಗಲೆಲ್ಲ ಯಾರೋ ಕೆಮ್ಮಿದರು. ನಾಲ್ಕೂವರೆಗೆ ಬಾಯಿ ತೆರೆದೇಬಿಟ್ಟ. ಹೆಂಡತಿ ಕಣ್ಣು ಮುಚ್ಚಿಕೊಂಡಳು. ಅವಳ ಮುಖ ನೋಡಿ ಅದನ್ನು ಆಕಳಿಕೆ ಮಾಡಿ ಮುಗಿಸಿದ.

ಐದು ಗಂಟೆಗೆ ಅಧಿಕಾರಿಣಿ ಪುಸ್ತಕ ಮುಚ್ಚಿದಳು. "ಅವಧಿ ಮುಗಿದಿದೆ. ಪ್ರಸ್ತಾವನೆ ರದ್ದು."

ಜನ ಹೋ ಎಂದು ನುಗ್ಗಿ ಹೂಂಗುಟ್ಟಪ್ಪನನ್ನು ಹೆಗಲ ಮೇಲೆ ಎತ್ತಿಕೊಂಡರು. "ಇರಿ, ನಾನೊಂದು ಮಾತು..." ಎಂದು ಅವನು ಮೇಲಿನಿಂದ ಹೇಳುತ್ತಿದ್ದ. ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಗೇಟಿನ ಹತ್ತಿರ ಹೇಗೋ ಇಳಿದು ಒಳಗೆ ವಾಪಸು ಬಂದ.

ಅಧಿಕಾರಿಣಿ ಒಬ್ಬಳೇ ಕಡತ ಕಟ್ಟುತ್ತಿದ್ದಳು.

"ಮೈಕು ಬಂದ್ ಆಗಿದೆ," ಎಂದಳು. "ದಾಖಲೆಗೂ ಹೋಗಲ್ಲ."

"ಪರವಾಗಿಲ್ಲ."

ಅವಳು ಕನ್ನಡಕ ತೆಗೆದಿಟ್ಟು ಕುರ್ಚಿ ತೋರಿಸಿದಳು.

"ನಮ್ಮಪ್ಪ ಸತ್ತಾಗ ನಾನು ಅಳಲಿಲ್ಲ," ಎಂದು ಶುರುಮಾಡಿದ. "ಕಟುಕ ಅಂದ್ರು ಜನ. ಹೊಲಕ್ಕೆ ಹೋಗಿ ಸಾಲಿನ ಮಣ್ಣೊಳಗೆ ಮೊಣಕೈತನಕ ಕೈ ತೂರಿಸಿ ಕೂತಿದ್ದೆ. ಮೇಲೆ ಸುಡು ಬಿಸಿಲು, ಒಳಗೆ ತಣ್ಣಗೆ. ಒಳಗಿಂದ ಯಾರೋ ಕೈ ಹಿಡ್ಕೊಂಡ ಹಾಗಿತ್ತು. ನಕ್ಷೇಲಿ ಕಂದು ಬಣ್ಣ ಹಚ್ಚಿದೋರು ಅಲ್ಲಿ ಒಂದ್ಸಲ ಕೈ ಇಟ್ಟು ನೋಡಿದ್ರಾ ಅಂತ ಕೇಳೋಣ ಅಂತಿದ್ದೆ."

"ಇಲ್ಲ," ಎಂದಳು ಅವಳು. "ಯಾರೂ ನೋಡಿಲ್ಲ. ನಾನೂ ನೋಡಿಲ್ಲ."

ಅವನು ಮುಂದುವರಿಸಿದ. ಬಿತ್ತನೆ, ಗೊಬ್ಬರ, ಅಂಗಮಾರಿ ರೋಗ, ಕಳೆದ ವರ್ಷದ ಮಂಜು. ಅವಳಿಗೆ ಎರಡು ಬಸ್ಸು ತಪ್ಪಿದವು.

ಕಂಪನಿಯವರು ಮುಂದಿನ ವರ್ಷ ಗುಡ್ಡದ ಆಚೆಯ ಹೊಲಗಳಿಗೆ ಅರ್ಜಿ ಹಾಕಿದರು. ಅಲ್ಲಿಂದ ಇಬ್ಬರು ಹೂಂಗುಟ್ಟಪ್ಪನನ್ನು ಹುಡುಕಿಕೊಂಡು ಬಂದರು.

"ನಮ್ಮ ಕಡೆಗೂ ಬಂದು ಸ್ವಲ್ಪ ಸುಮ್ಮನಿರಬೇಕು ಅಣ್ಣಾ. ಹೆಸರು ಹೇಗಾದ್ರೂ ಸೇರಿಸ್ತೀವಿ."

"ಅದು ಹಾಗಲ್ಲ, ಕೂತ್ಕೊಳ್ಳಿ, ಹೇಳ್ತೀನಿ," ಎಂದು ಹೂಂಗುಟ್ಟಪ್ಪ ಚಾಪೆ ಹಾಸಿದ. ನೋಟೀಸು ಬಂದ ದಿನದಿಂದ ಹಿಡಿದು ಒಂದನ್ನೂ ಬಿಡದೆ ಹೇಳತೊಡಗಿದ. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹೆಂಡತಿ ನೀರು ಕೊಡುತ್ತ ಅವರಿಗಷ್ಟೇ ಕೇಳುವಂತೆ, "ತಡವಾಗಿ ಬಂದ್ರಿ," ಎಂದಳು.